ಹೆಬ್ಬೆಟ್ಟು ಯಾರದು?

ನಮ್ಮ ಕೇರಿಯ ಹುಡುಗನೊಬ್ಬ ಬಿ.ಸಿ.ಎ. ಮುಗಿಸಿ ಎರಡು ವರ್ಷ ಮನೆಯಲ್ಲೇ ಇದ್ದ. ಹೋದ ವರ್ಷ ತಾಲ್ಲೂಕು ಕಚೇರಿಗೆ ಕಂಪ್ಯೂಟರ್ ಆಪರೇಟರ್ ಬೇಕು ಅಂತ ಒಂದು ಏಜೆನ್ಸಿಯಿಂದ ಕರೆ ಬಂತು. ಕೆಲಸ ಸರ್ಕಾರದ್ದು, ಸಂಬಳ ಕೊಡೋನು ಏಜೆನ್ಸಿಯವನು, ಕರಾರು ಮಾರ್ಚ್ 31ರವರೆಗೆ. ಅವನವ್ವ ಮಾರಮ್ಮನಿಗೆ ಹಣ್ಣುಕಾಯಿ ಮಾಡಿಸಿ, "ನಮ್ ಹೈದಂಗೆ ಗೋರ್ಮೆಂಟ್ ಕೆಲ್ಸ ಆಯ್ತು" ಅಂತ ಕೇರಿಗೆಲ್ಲ ಬೆಲ್ಲ ಹಂಚಿದಳು. ಹುಡುಗ ಮಾತ್ರ ಸಂಜೆ ನಮ್ಮ ಹತ್ತಿರ ಬಂದು, "ಹೋಗ್ಲಾ ಬ್ಯಾಡ್ವಾ ಹೇಳ್ರಣ್ಣ" ಅಂದ. ನಾವು ಐದು ಜನ. ಇಬ್ಬರು ಮೇಷ್ಟ್ರು, ಮೂವರು ಸಂಘಟನೆಯವರು. ಅರ್ಧ ರಾತ್ರಿವರೆಗೂ ಜಗಳವಾಡಿದೆವು.

ಬೇಡ ಅಂದವರ ವಾದ ಗಟ್ಟಿಯಾಗಿಯೇ ಇತ್ತು. ಸರ್ಕಾರ ನೇರವಾಗಿ ಹುದ್ದೆ ತುಂಬಿದರೆ ಅಲ್ಲಿ ರೋಸ್ಟರ್ ಇರುತ್ತದೆ, ನಮ್ಮ ಪಾಲು ಇರುತ್ತದೆ. ಅದೇ ಕೆಲಸವನ್ನು ಏಜೆನ್ಸಿಗೆ ಕೊಟ್ಟರೆ ಹುದ್ದೆಯೇ ಮಾಯ, ಹುದ್ದೆ ಇಲ್ಲದ ಮೇಲೆ ಮೀಸಲಾತಿ ಎಲ್ಲಿಂದ ಬರಬೇಕು? 2024ರಲ್ಲಿ ಕರ್ನಾಟಕ ಸರ್ಕಾರ ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಿ ಅಂತ ಹೇಳಿತು, ನಿಜ. ಸಣ್ಣ ಸಂಖ್ಯೆಯ ನೇಮಕಕ್ಕೆ ವಿನಾಯಿತಿಯನ್ನೂ ಇಟ್ಟಿತು. ಹಾಗಾದರೆ ಖಾಲಿ ಕುರ್ಚಿಯ ಮೇಲೆ ನಮ್ಮವನೇ ಹೋಗಿ ಕುಂತರೆ ಅದು ಖಾಲಿ ಅಂತ ಯಾರಿಗೆ ಕಾಣುತ್ತದೆ?

ಇದು ನಮಗೆ ಹೊಸ ಪ್ರಶ್ನೆಯಲ್ಲ. ನಮ್ಮ ತಾತಂದಿರೂ ಸರ್ಕಾರಿ ಕೆಲಸದವರೇ. ತೋಟಿ, ತಳವಾರ, ಕುಳವಾಡಿ ಅಂತ ಹೆಸರು. ಕಂದಾಯದ ದುಡ್ಡು ಹೊತ್ತರು, ಅಮಲ್ದಾರರ ಕುದುರೆಗೆ ಹುಲ್ಲು ತಂದರು, ಸಾವಿನ ಸುದ್ದಿ ಹೇಳಲು ಊರೂರು ಓಡಿದರು. ಸಂಬಳವಿಲ್ಲ. ಒಂದಿಷ್ಟು ಇನಾಮ್ತಿ ಜಮೀನು, ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತು ಬೇಡಿ ತರುವ ಆಯ. ಮುಂಬೈ ಪ್ರಾಂತ್ಯದ ಮಹಾರ್ ವತನವೂ ಇಂಥದ್ದೇ. ಗಂಡಸು ಮನೆಯಲ್ಲಿಲ್ಲದಿದ್ದರೆ ಮನೆಯವರಲ್ಲಿ ಇನ್ನೊಬ್ಬರು ದುಡಿಯಬೇಕು. 1928ರಲ್ಲಿ ಬಾಬಾಸಾಹೇಬರು ಮುಂಬೈ ಶಾಸನಸಭೆಯಲ್ಲಿ ಈ ವತನದ ಕಾನೂನಿನ ತಿದ್ದುಪಡಿಗೆ ಮಸೂದೆ ತಂದರು. ಅದು ಕಾಯ್ದೆಯಾಗಲಿಲ್ಲ. ಮೈಸೂರು ರಾಜ್ಯದಲ್ಲಿ ಊರ ಹುದ್ದೆಗಳನ್ನೆಲ್ಲ ತೆಗೆಯುವ ಕಾಯ್ದೆ ಬಂದದ್ದು 1961ರಲ್ಲಿ. ಅಲ್ಲಿಯತನಕ ನಮ್ಮವರು ವತನವನ್ನು ಅವಚಿಕೊಂಡೇ ಇದ್ದರು. ಯಾಕೆಂದರೆ ಕೈಯಲ್ಲಿದ್ದ ದಂಡಕ್ಕೆ ಸರ್ಕಾರದ ಹೆಸರಿತ್ತು. ಊರವರು ಬೈದರೂ ಕೂಗಿ ಕರೆಯುವುದು ಸರ್ಕಾರದ ಕೆಲಸಕ್ಕೇ ಅಲ್ಲವೇ ಎಂಬ ಬಡ ಹೆಮ್ಮೆ. ಆ ಹೆಮ್ಮೆಯನ್ನು ನಾವು ಗೇಲಿ ಮಾಡಲಾರೆವು. ಹುಡುಗನ ಅವ್ವ ಹಂಚಿದ ಬೆಲ್ಲದಲ್ಲೂ ಅದೇ ಇತ್ತು.

ಮೇಷ್ಟ್ರೊಬ್ಬರು ಸಿಟ್ಟಿಗೆದ್ದರು. "ತಿಂಗಳಾದರೆ ಸಂಬಳ ಎಣಿಸೋ ನಾನೂ ನೀವೂ ಈ ಹುಡುಗನಿಗೆ ಉಪವಾಸದ ಪಾಠ ಹೇಳೋದಾ? ಕಾಯಂ ಹುದ್ದೆ ಬರೋವರೆಗೂ ಅವನವ್ವ ಕೂಲಿಗೆ ಹೋಗ್ಲಾ?" ನಮ್ಮ ಬಾಯಿ ಕಟ್ಟಿತು. 2006ರ ಉಮಾದೇವಿ ಪ್ರಕರಣ ನಮ್ಮದೇ ರಾಜ್ಯದ್ದು. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ದಿನಗೂಲಿಯಾಗಿ ದುಡಿದವರೂ ಅದರಲ್ಲಿದ್ದರು. ಹಂಗಾಮಿ ಕೆಲಸ ಮಾಡಿದ ಮಾತ್ರಕ್ಕೆ ಕಾಯಂ ಆಗುವ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. ಇಂಥ ಕೆಲಸಕ್ಕೆ ಬರುವವನು ಅದು ಎಂಥದ್ದು ಅಂತ ತಿಳಿದೇ, ಕಣ್ಣು ತೆರೆದೇ ಬರುತ್ತಾನೆ ಅಂತಲೂ ಹೇಳಿತು. ಅವನು ಹೊಟ್ಟೆಪಾಡಿಗೆ ಬಂದವನು, ಚೌಕಾಸಿ ಮಾಡುವ ಶಕ್ತಿ ಅವನಿಗಿರಲಿಲ್ಲ ಎಂಬುದೂ ನ್ಯಾಯಾಧೀಶರಿಗೆ ಗೊತ್ತಿತ್ತು. ಗೊತ್ತಿದ್ದೂ ಒಪ್ಪಿಗೆಯನ್ನು ಒಪ್ಪಿಗೆ ಅಂತಲೇ ಲೆಕ್ಕ ಹಿಡಿದರು. ಕಣ್ಣು ತೆರೆದಿರುವುದು ಬೇರೆ, ಮುಂದೆ ಎರಡು ದಾರಿ ಇರುವುದು ಬೇರೆ. ಒಂದೇ ದಾರಿ ಇರುವವನ ಹತ್ತಿರ "ನೀನೇ ಆರಿಸಿಕೊಂಡೆಯಲ್ಲ" ಅನ್ನುವುದು ಯಾವ ನೀತಿ? ಕೊನೆಗೆ ಐದೂ ಜನ "ಹೋಗಪ್ಪ" ಅಂದೆವು.

ಹೋದ. ಪಹಣಿ, ಮ್ಯುಟೇಶನ್ ಕೆಲಸ. ಒಂದು ದಿನ ನಗುತ್ತಾ ಹೇಳಿದ: "ಟೈಪ್ ಮಾಡೋನು ನಾನು ಕಣಣ್ಣ. ಕಂಪ್ಯೂಟ್ರು ತೆರೆಯೋಕೆ ಸಾಹೇಬ್ರ ಬೆರಳೇ ಬೇಕು. ಬೆಳಿಗ್ಗೆ ಬಂದು ಬೆರಳು ಒತ್ತಿ ಹೋಯ್ತಾರೆ." ನಾವೂ ನಕ್ಕೆವು, ಆಮೇಲೆ ನಗು ನಿಂತಿತು. ಈ ಹುಡುಗನ ಮುತ್ತಾತ ಅಕ್ಷರ ಬಾರದೆ ಗೌಡರ ಜೀತದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವನು. ಈಗ ಅಕ್ಷರ ನಮ್ಮದು, ಒತ್ತುವ ಬೆರಳು ಅವರದು. ದಾಖಲೆಯಲ್ಲಿ ನಮ್ಮ ಹುಡುಗನ ಗುರುತು ಎಲ್ಲಿಯೂ ಇಲ್ಲ.

ದೀಪಾವಳಿ ಮುಗಿದ ಮೇಲೆ ನಮ್ಮದೇ ಕೇರಿಯ ಅಜ್ಜಿ ಪಹಣಿ ಕೇಳಿಕೊಂಡು ಬಂದಳು. ಅವಳ ಗಂಡನಿಗೆ ಸರ್ಕಾರ ಕೊಟ್ಟಿದ್ದ ಎರಡು ಎಕರೆ, ಸಾಗುವಳಿ ಚೀಟಿ ಇನ್ನೂ ಸೆರಗಿನ ಗಂಟಿನಲ್ಲಿತ್ತು. ಪಹಣಿಯ ಒಂಬತ್ತನೇ ಕಾಲಂನಲ್ಲಿ ಬೇರೆ ಹೆಸರು. ಬರಗಾಲದಲ್ಲಿ ಮಾರಿದ್ದಂತೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರಿದರೆ ಅದು ಊರ್ಜಿತವಲ್ಲ ಅನ್ನುತ್ತದೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ. ತಡವಾಯಿತು ಅನ್ನುವಂತಿಲ್ಲ ಅಂತ 2023ರ ತಿದ್ದುಪಡಿಯೂ ಬಂದಿದೆ. ಇಷ್ಟನ್ನೂ ಹುಡುಗ ಅಜ್ಜಿಗೆ ಹೇಳಿ, ಎಸಿ ಸಾಹೇಬರಿಗೆ ಅರ್ಜಿಯನ್ನೂ ಬರೆದುಕೊಟ್ಟ. ಇದೇ ಕಾರಣಕ್ಕಲ್ಲವೇ ನಾವು ಹೋಗು ಅಂದದ್ದು? ಶಾನುಭೋಗರ ಕಾಲದಿಂದ ನಮಗೆ ಮುಚ್ಚಿದ್ದ ಪುಸ್ತಕದ ಮುಂದೆ ನಮ್ಮವನೊಬ್ಬ ಕೂರಲಿ ಅಂತ.

ಜಮೀನು ಕೊಂಡವನಿಗೆ ನೋಟೀಸು ಹೋಗುವ ಮೊದಲೇ ಏಜೆನ್ಸಿಗೆ ಫೋನ್ ಹೋಯಿತು. "ಕೊಟ್ಟ ಕೆಲಸ ಮಾಡು, ಲಾಯರಿಕೆ ಬೇಡ" ಅಂದರು. ಕಾಯಂ ನೌಕರನಾಗಿದ್ದರೆ ಸಂವಿಧಾನದ 311ನೇ ವಿಧಿಯ ರಕ್ಷಣೆ ಇತ್ತು, ವಿಚಾರಣೆ ನಡೆಸದೆ ತೆಗೆಯುವ ಹಾಗಿಲ್ಲ. ಇವನನ್ನು ತೆಗೆಯಬೇಕಾಗೇ ಇಲ್ಲ. ಏಪ್ರಿಲ್ ಒಂದಕ್ಕೆ ಕರೆಯದಿದ್ದರೆ ಸಾಕು.

ನಾವು ಅವನಿಗೆ ಉತ್ತರ ಹೇಳಿ ಕಳಿಸಿ, ನಮ್ಮ ಪಾಲಿನ ಕೆಲಸ ಮುಗಿಯಿತು ಅಂತ ಮನೆಗೆ ಹೋಗಿದ್ದೆವು. ಒಬ್ಬಂಟಿ ಆಪರೇಟರನ ಬೆನ್ನಿಗೆ ಯಾರು ಅಂತ ಆ ರಾತ್ರಿ ಐದು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಈಗ ತಾಲ್ಲೂಕಿನ ಹೊರಗುತ್ತಿಗೆ ಹುಡುಗರು ಎಷ್ಟು ಮಂದಿ, ಯಾರ ಹತ್ತಿರ ಕರಾರಿನ ಪ್ರತಿ ಇದೆ, ಯಾರ ಪಿ.ಎಫ್. ಕಟ್ಟಿದ್ದಾರೆ ಅಂತ ಪಟ್ಟಿ ಮಾಡುತ್ತಿದ್ದೇವೆ. ಕೆಲವರು ಹೆಸರು ಹೇಳಲೂ ಹೆದರುತ್ತಾರೆ. ಅಜ್ಜಿಯ ಅರ್ಜಿ ಎಸಿ ಕಚೇರಿಯಲ್ಲಿದೆ. ಹುಡುಗ ದಿನಾ ಎಂಟೂವರೆ ಬಸ್ಸಿಗೆ ಹೋಗುತ್ತಿದ್ದಾನೆ.