ಶೋಧನೆಯೂ ಸಂದೇಹವೂ



ಮಠದಲ್ಲಿ ಓದಿ ಬೆಳೆದ ಎಷ್ಟೋ ಮಂದಿಯ ಮಕ್ಕಳು ಇಂದು ಅಮೆರಿಕೆಯಲ್ಲಿ ನೆಲೆಸಿದ್ದಾರೆ. ಅವರನ್ನು ಕಾಣಲೆಂದು ಹೋಗಿಬಂದ ಹಿರಿಯರು ಅಲ್ಲಿಯ ವಿಮಾನನಿಲ್ದಾಣಗಳ ತಪಾಸಣೆಯನ್ನು ಕುರಿತು ನಮ್ಮೆದುರು ನೊಂದು ನುಡಿಯುವುದುಂಟು. ಮೈಮುಟ್ಟಿ ಶೋಧಿಸುವುದು ಮನುಷ್ಯನ ಗೌರವಕ್ಕೆ ಕುಂದಲ್ಲವೇ ಎಂದು ಅವರು ಕೇಳುತ್ತಾರೆ.

2001ರ ಸೆಪ್ಟೆಂಬರ್ 11ರಂದು 19 ಮಂದಿ ನಾಲ್ಕು ವಿಮಾನಗಳನ್ನು ಅಪಹರಿಸಿ ಸುಮಾರು 3,000 ಜನರ ಪ್ರಾಣಹರಣ ಮಾಡಿದ ಮೇಲೆ, ಶೋಧನೆಯೇ ಬೇಡವೆಂದು ವಿವೇಕಿಗಳಾರೂ ಹೇಳಲಾರರು. ಎಲ್ಲರಿಗೂ ಸಮನಾಗಿ ನಡೆಯುವ ಶೋಧನೆಯು ಎಲ್ಲರ ಪ್ರಾಣಕ್ಕಾಗಿ ಎಲ್ಲರೂ ತೆರುವ ಕಿರುಗಾಣಿಕೆ. ಆದರೆ ಸಾಲಿನಲ್ಲಿ ನಿಂತ ನೂರು ಜನರಲ್ಲಿ ಗಡ್ಡವನ್ನೋ ಪೇಟವನ್ನೋ ಮೈಬಣ್ಣವನ್ನೋ ಕಂಡು ಒಬ್ಬನನ್ನು ಮಾತ್ರ ಪಕ್ಕಕ್ಕೆ ಕರೆದಾಗ ಅಲ್ಲಿ ನಡೆಯುವುದು ಅವನ ಹುಟ್ಟಿನ ವಿಚಾರಣೆ.

2009ರ ಏಪ್ರಿಲ್‌ನಲ್ಲಿ, ದೆಹಲಿಯಲ್ಲಿ ಅಮೆರಿಕದ ವಿಮಾನವನ್ನೇರುವ ಮುನ್ನ ಮಾಜಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರನ್ನು ಶೋಧಿಸಲಾಯಿತು. ಸುದ್ದಿ ಹೊರಬಿದ್ದಾಗ ದೇಶವೇ ಕೆರಳಿತು. ಕಲಾಂ ಅವರು ಮಾತ್ರ ದೂರಿರಲಿಲ್ಲ. 2010ರ ಡಿಸೆಂಬರ್‌ನಲ್ಲಿ ಮಿಸಿಸಿಪಿ ರಾಜ್ಯದ ಜಾಕ್ಸನ್ ನಿಲ್ದಾಣದಲ್ಲಿ ನಮ್ಮ ರಾಯಭಾರಿ ಮೀರಾ ಶಂಕರ್ ಅವರನ್ನು ಬೇರ್ಪಡಿಸಿ ಮೈಮುಟ್ಟಿ ಪರೀಕ್ಷಿಸಿದರು; ಸೀರೆಯುಟ್ಟಿದ್ದುದೇ ಕಾರಣವೆಂದು ಆಗಿನ ವರದಿಗಳು ಹೇಳಿದವು. ಅಂದು ವಿದೇಶಾಂಗ ಸಚಿವರಾಗಿದ್ದ ನಮ್ಮ ನಾಡಿನ ಎಸ್. ಎಂ. ಕೃಷ್ಣ ಅವರು ಇದನ್ನು ಒಪ್ಪಲಾಗದೆಂದರು.

ಇವೆರಡನ್ನೂ ನಾವು ಒಂದೇ ಅಪಮಾನವೆಂದು ಬಗೆದೆವು. ಒಂದೇ ಅಲ್ಲ. ಮೊದಲನೆಯದರಲ್ಲಿ, ತಮ್ಮ ನಿಯಮದಲ್ಲಿ ಯಾರಿಗೂ ವಿನಾಯಿತಿಯಿಲ್ಲವೆಂಬುದೇ ವಿಮಾನಸಂಸ್ಥೆಯ ಸಮಜಾಯಿಷಿಯಾಗಿತ್ತು. ನಾವು ಸಿಟ್ಟಾದದ್ದು ಹಿರಿಯರನ್ನು ಸಾಮಾನ್ಯರ ಸಾಲಿಗೆ ಸೇರಿಸಿದ್ದಕ್ಕೆ. ಎರಡನೆಯದರಲ್ಲಿ, ವರದಿ ನಿಜವಾದರೆ, ಉಡುಪೇ ಅಪರಾಧದ ಸುಳಿವಾಯಿತು. ಅದೇ ನೋಟವನ್ನು ಅನುಭವಿಸುವ ಸಿಖ್ ಕೂಲಿಕಾರನ ಪರವಾಗಿ, ಮುಸಲ್ಮಾನ ವಿದ್ಯಾರ್ಥಿಯ ಪರವಾಗಿ ಯಾವ ಸಚಿವರು ನುಡಿಯುವರು?

ಪ್ರಾಣರಕ್ಷಣೆಗಾಗಿ ಅಷ್ಟು ಅನ್ಯಾಯ ಸಹ್ಯವೆನ್ನುವವರುಂಟು. 1986ರ ಏಪ್ರಿಲ್‌ನಲ್ಲಿ ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ ಇಸ್ರೇಲಿನ ವಿಮಾನವೇರಲು ಬಂದ ಗರ್ಭಿಣಿ ಐರಿಷ್ ಮಹಿಳೆಯೊಬ್ಬಳ ಚೀಲದಲ್ಲಿ ಸ್ಫೋಟಕ ದೊರೆಯಿತು. ಮದುವೆಯಾಗುವೆನೆಂದು ನಂಬಿಸಿದ್ದವನು ಅವಳಿಗೇ ಅರಿವಾಗದಂತೆ ಅದನ್ನು ಇರಿಸಿದ್ದನು. ಮುಖಚಹರೆಯನ್ನಷ್ಟೇ ನೋಡುವವರು ಅವಳನ್ನು ಆದರದಿಂದಲೇ ಒಳಗೆ ಬಿಡುತ್ತಿದ್ದರು. ಪ್ರಶ್ನಿಸಿ, ಚೀಲವನ್ನು ತೆರೆದು ನೋಡಿದ್ದರಿಂದ ನೂರಾರು ಜೀವಗಳು ಉಳಿದವು.

ಹೊರಡಲಿರುವ ಹಿರಿಯರು ಇಷ್ಟನ್ನು ತಿಳಿದಿರಲಿ: ಅಲ್ಲಿಯ ನಿಯಮದಂತೆ ಹೆಂಗಸರನ್ನು ಹೆಂಗಸರೇ ಶೋಧಿಸಬೇಕು, ಮರೆಯ ಕೋಣೆಯನ್ನು ಕೇಳಬಹುದು, ಜೊತೆಗೊಬ್ಬರನ್ನು ಕರೆದೊಯ್ಯಬಹುದು. ಆದರೆ ತಪಾಸಣೆ ಆರಂಭವಾದ ಮೇಲೆ ಪ್ರಯಾಣವೇ ಬೇಡವೆಂದು ಹಿಂದಿರುಗುವ ಹಕ್ಕಿಲ್ಲವೆಂದು 2007ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು ತೀರ್ಪಿತ್ತಿದೆ.

ಕೆಲವು ವರ್ಷಗಳ ಹಿಂದೆ ಅಂಥದೊಂದು ನಿಲ್ದಾಣದಲ್ಲಿ ನಮ್ಮ ಕೊರಳಿನ ಬೆಳ್ಳಿಯ ಕರಡಿಗೆಯನ್ನು ಕಂಡು ಯಂತ್ರವು ಸದ್ದು ಮಾಡಿತು. ನಾವೇ ತೆರೆದು ತೋರಿಸುವೆವೆಂದಾಗ ಅಧಿಕಾರಿಯು ಒಪ್ಪಿದನು. ಜೊತೆಯಲ್ಲಿದ್ದ ಭಕ್ತರು, ಇವರು ನಮ್ಮ ಗುರುಗಳೆಂದರು. ಅವನು ಸೌಜನ್ಯದಿಂದ ದಾರಿ ಬಿಟ್ಟನು. ನಮಗಿಂತ ಮೊದಲೇ ಪಕ್ಕಕ್ಕೆ ನಿಲ್ಲಿಸಿದ್ದ ಗಡ್ಡಧಾರಿ ತರುಣನೊಬ್ಬನು ಪಾದರಕ್ಷೆಗಳನ್ನು ಕೈಯಲ್ಲಿ ಹಿಡಿದು ಅಲ್ಲಿಯೇ ನಿಂತಿದ್ದನು. ನಮ್ಮನ್ನೊಮ್ಮೆ ನೋಡಿದನು. ಅವನ ವಿಷಯವನ್ನು ನಾವು ಕೇಳಲಿಲ್ಲ, ವಿಮಾನಕ್ಕೆ ಹೊತ್ತಾಗಿತ್ತು.