ಯಾರ ಹಂಗಿನಲ್ಲಿ ಪಿಆರ್?

ಕೆಲಸದ ಬಲದಿಂದ ಆಸ್ಟ್ರೇಲಿಯಾದಲ್ಲಿ ನೆಲೆಸಬಯಸುವವರ ಮುಂದೆ ಮುಖ್ಯವಾಗಿ ನಾಲ್ಕು ವೀಸಾಗಳಿವೆ. ಜನ ಅವನ್ನು ನಂಬರಿನಿಂದಲೇ ಕರೆಯುತ್ತಾರೆ: 189, 190, 491, 482. ನಾಲ್ಕರಿಂದಲೂ ಕೊನೆಗೆ ಪಿಆರ್, ಅಂದರೆ ಕಾಯಂ ವಾಸದ ಹಕ್ಕು, ತಲುಪಬಹುದು. ವ್ಯತ್ಯಾಸವಿರುವುದು ಹಂಗಿನಲ್ಲಿ. 189 ಪಡೆದವರಿಗೆ ಯಾರ ಹಂಗೂ ಇಲ್ಲ. 190ರಲ್ಲಿ ಒಂದು ರಾಜ್ಯದ ಹಂಗು, 491ರಲ್ಲಿ ಮಹಾನಗರದಾಚೆಯ ಪ್ರದೇಶದ್ದು, 482ರಲ್ಲಿ ಕೆಲಸ ಕೊಟ್ಟ ಕಂಪನಿಯದು. ಯಾವುದು ಬೇಗ ಸಿಗುತ್ತದೆ ಎಂದು ಕೇಳುವವರೇ ಹೆಚ್ಚು. ಯಾರ ಹಂಗಿನಲ್ಲಿ ಎಷ್ಟು ಕಾಲ ಇರಬೇಕಾಗುತ್ತದೆ ಎಂದು ಕೇಳುವವರು ಕಡಿಮೆ.

ಹಂಗಿಲ್ಲದ ಬಾಗಿಲು ಸಹಜವಾಗಿಯೇ ಕಿರಿದು. 2024–25ರಲ್ಲಿ ಆಸ್ಟ್ರೇಲಿಯಾ ಕಾಯಂ ವಲಸೆಗೆಂದು ಒಟ್ಟು 1,85,000 ಸ್ಥಾನಗಳನ್ನು ಗೊತ್ತುಮಾಡಿತ್ತು. ಅದರಲ್ಲಿ 189ಕ್ಕೆ ಸಿಕ್ಕಿದ್ದು 16,900 ಮಾತ್ರ. ರಾಜ್ಯಗಳು ಆರಿಸುವವರಿಗೆ 33,000, ಪ್ರಾದೇಶಿಕ ವೀಸಾಗಳಿಗೆ 33,000, ಕಂಪನಿಗಳು ಕರೆಸಿಕೊಳ್ಳುವವರಿಗೆ 44,000. ಬಂದವರು ಎಲ್ಲಿರಬೇಕು, ಯಾವ ಕೆಲಸ ಮಾಡಬೇಕು ಎಂಬುದರಲ್ಲಿ ತನ್ನ ಮಾತೂ ನಡೆಯಬೇಕೆಂಬ ಸರ್ಕಾರದ ಇಚ್ಛೆ ಈ ಅಂಕಿಗಳಲ್ಲೇ ಕಾಣುತ್ತದೆ.

ಮೊದಲ ಮೂರು ವೀಸಾಗಳಿಗೆ ಪಾಯಿಂಟ್ಸ್ ಲೆಕ್ಕ. ಈ ಪದ್ಧತಿಯನ್ನು ಮೊದಲು ತಂದದ್ದು ಕೆನಡಾ, 1967ರಲ್ಲಿ. ಆಸ್ಟ್ರೇಲಿಯಾ 1979ರಲ್ಲಿ ಅದೇ ದಾರಿ ಹಿಡಿಯಿತು. 2012ರ ಜುಲೈಯಿಂದ ಸ್ಕಿಲ್‌ಸೆಲೆಕ್ಟ್ ಎಂಬ ವ್ಯವಸ್ಥೆ ಬಂದ ಮೇಲೆ ಯಾರೂ ನೇರವಾಗಿ ಅರ್ಜಿ ಹಾಕುವಂತಿಲ್ಲ. ಆಸಕ್ತಿಯನ್ನು ನೋಂದಾಯಿಸಿ ಕಾಯಬೇಕು; ಇನ್ವಿಟೇಷನ್ ಬಂದರೆ 60 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಎರಡು ವರ್ಷ ಕಳೆದರೂ ಕರೆ ಬರದಿದ್ದರೆ ನೋಂದಣಿ ತಾನಾಗಿ ಬಿದ್ದುಹೋಗುತ್ತದೆ. ಕನಿಷ್ಠ ಅಂಕ 65. ಆದರೆ ಅದು ಸಾಲಿನಲ್ಲಿ ನಿಲ್ಲಲು ಬೇಕಾದ ಅರ್ಹತೆಯಷ್ಟೆ. ದಾದಿಯರಿಗೆ, ಶಿಕ್ಷಕರಿಗೆ ಅಷ್ಟಕ್ಕೇ ಕರೆ ಬಂದ ಸುತ್ತುಗಳಿವೆ. ಸಾಫ್ಟ್‌ವೇರ್‌ನವರಿಗೆ 85, 90 ಇದ್ದರೂ ಬಾರದ ಸುತ್ತುಗಳೂ ಇವೆ.

ಬೆಂಗಳೂರಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿರುವ, 31 ವರ್ಷದ, ಮದುವೆಯಾಗದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಊಹಿಸಿಕೊಳ್ಳಬಹುದು. 25ರಿಂದ 32ರ ವಯಸ್ಸಿಗೆ 30 ಅಂಕ. ಪದವಿಗೆ 15. ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ನ ನಾಲ್ಕೂ ವಿಭಾಗಗಳಲ್ಲಿ 8 ಬಂದರೆ 20. ನಾಲ್ಕರಲ್ಲೂ 7 ದಾಟಿ ಒಂದರಲ್ಲಿ ಮಾತ್ರ ಏಳೂವರೆಗೆ ನಿಂತರೂ ಅದು 10ಕ್ಕೆ ಇಳಿಯುತ್ತದೆ. ಒಂಟಿಯಾಗಿರುವುದಕ್ಕೆ 10. ಅನುಭವಕ್ಕೆ ಎಷ್ಟು ಎಂಬಲ್ಲಿ ಮಾತ್ರ ಬಹಳ ಮಂದಿ ಎಡವುತ್ತಾರೆ. ಐಟಿಯವರ ವಿದ್ಯೆ, ಅನುಭವಗಳನ್ನು ಅಳೆಯುವುದು ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ. ಕಂಪ್ಯೂಟರ್ ಸೈನ್ಸ್ ಓದಿದವರ ಮೊದಲ ಎರಡು ವರ್ಷಗಳನ್ನು ಕಲಿಕೆಯ ಕಾಲವೆಂದು ಅದು ಕಳೆದುಬಿಡುವುದು ರೂಢಿ. ಹಾಗಾಗಿ ಒಂಬತ್ತು ಏಳಾಗುತ್ತದೆ, ಅದಕ್ಕೆ 10 ಅಂಕ; ಒಟ್ಟು 85. ಓದಿದ್ದು ಮೆಕ್ಯಾನಿಕಲ್, ಸೇರಿದ್ದು ಸಾಫ್ಟ್‌ವೇರ್ ಎನ್ನುವವರು ಕರ್ನಾಟಕದಲ್ಲಿ ಲೆಕ್ಕವಿಲ್ಲದಷ್ಟಿದ್ದಾರೆ. ಅವರಿಗೆ ಕಡಿತ ಇನ್ನೂ ಹೆಚ್ಚು. ಸೊಸೈಟಿ ಕಳೆದ ವರ್ಷಗಳನ್ನು ನೋಂದಣಿಯಲ್ಲಿ ಮತ್ತೆ ಸೇರಿಸಿಕೊಂಡರೆ, ಇನ್ವಿಟೇಷನ್ ಬಂದ ಮೇಲೂ ವೀಸಾ ತಿರಸ್ಕೃತವಾಗಬಹುದು. ಕಟ್ಟಿದ ಫೀ ವಾಪಸು ಬರುವುದಿಲ್ಲ.

ವಯಸ್ಸಿನ ಲೆಕ್ಕವೂ ಕಾಣುವಷ್ಟು ಸರಳವಲ್ಲ. 33 ತುಂಬಿದ ದಿನ 30 ಇದ್ದದ್ದು 25 ಆಗುತ್ತದೆ. ಆದರೆ ಮೇಲಿನ ಎಂಜಿನಿಯರಿಗೆ ಅಷ್ಟರಲ್ಲಿ ಅನುಭವ ಎಂಟು ವರ್ಷ ದಾಟಿ ಅಲ್ಲಿ 5 ಹೆಚ್ಚಿರುತ್ತದೆ. ಕಳೆದದ್ದು ಕೂಡಿದ್ದಕ್ಕೆ ಸರಿ. 33ರ ಗಡಿಗೆ ಹೆದರಿ ಅರೆಬರೆ ದಾಖಲೆಗಳೊಂದಿಗೆ ಓಡುವುದರಲ್ಲಿ ಹಾಗಾಗಿ ಅರ್ಥವಿಲ್ಲ. ನಿಜವಾಗಿ ಹೆದರಬೇಕಾದದ್ದು 40ಕ್ಕೆ: ಅಲ್ಲಿ ಒಮ್ಮೆಗೇ 10 ಅಂಕ ಹೋಗುತ್ತದೆ, ಅದನ್ನು ತುಂಬಿಕೊಡುವ ಅನುಭವದ ಅಂಕ ಬೇರೆ ಇರುವುದಿಲ್ಲ. 45ಕ್ಕೆ ಬಾಗಿಲೇ ಮುಚ್ಚುತ್ತದೆ. ಲೆಕ್ಕಕ್ಕೆ ಬರುವುದು ಇನ್ವಿಟೇಷನ್ ಬಂದ ದಿನದ ವಯಸ್ಸು.

ಮದುವೆಯಾದವರಲ್ಲಿ ಸಂಗಾತಿಯ ಕಾಗದಪತ್ರಗಳೂ ಅಷ್ಟೇ ಮುಖ್ಯ. ಸಂಗಾತಿಗೆ ಕೌಶಲದ ಮೌಲ್ಯಮಾಪನವೂ ಸಾಕಷ್ಟು ಇಂಗ್ಲಿಷೂ ಇದ್ದು, ವಯಸ್ಸು 45ರೊಳಗಿದ್ದರೆ 10. ಇಂಗ್ಲಿಷ್ ಮಾತ್ರವಿದ್ದರೆ 5. ಎರಡೂ ಇಲ್ಲದಿದ್ದರೆ ಸೊನ್ನೆ. ಗಂಡನ ಹೆಸರಿನಲ್ಲೇ ಅರ್ಜಿ ಎಂಬ ರೂಢಿ ಅನೇಕ ಮನೆಗಳಲ್ಲಿ ಯೋಚನೆಯಿಲ್ಲದೆ ನಡೆಯುತ್ತದೆ. ನರ್ಸ್ ಆಗಿರುವ ಹೆಂಡತಿಯ ಹೆಸರಿನಲ್ಲಿ ಹಾಕಿದ್ದರೆ ಕಡಿಮೆ ಅಂಕಕ್ಕೇ ಮನೆಮಂದಿಗೆಲ್ಲ ಪಿಆರ್ ಆಗುತ್ತಿತ್ತು ಎಂಬುದು ತಡವಾಗಿ ತಿಳಿಯುತ್ತದೆ.

ಕನ್ನಡಕ್ಕೂ ಇಲ್ಲಿ 5 ಅಂಕವಿದೆ. ಅನುವಾದಕರಿಗೆ ಮಾನ್ಯತೆ ಕೊಡುವ ನಾಟಿ ಸಂಸ್ಥೆ ನಡೆಸುವ ಸಿಸಿಎಲ್ ಪರೀಕ್ಷೆಯ ಭಾಷೆಗಳಲ್ಲಿ ಕನ್ನಡವೂ ಒಂದು. ಎರಡು ಸಂಭಾಷಣೆಗಳನ್ನು ಕೇಳಿಸುತ್ತಾರೆ. ಒಬ್ಬರು ಇಂಗ್ಲಿಷ್ ಮಾತನಾಡುತ್ತಾರೆ, ಇನ್ನೊಬ್ಬರು ಕನ್ನಡ. ಅಭ್ಯರ್ಥಿ ನಡುವೆ ನಿಂತು ಎರಡೂ ಕಡೆಯ ಮಾತನ್ನು ತುಣುಕು ತುಣುಕಾಗಿ ದಾಟಿಸಬೇಕು. ಒಟ್ಟು 90ಕ್ಕೆ 63 ಬರಬೇಕು, ಪ್ರತಿ ಸಂಭಾಷಣೆಯಲ್ಲೂ 45ಕ್ಕೆ ಕನಿಷ್ಠ 29. ಆಸ್ಪತ್ರೆ, ಕೋರ್ಟು, ವಿಮೆ, ಶಾಲೆಗಳಂಥ ನಿತ್ಯದ ವಿಷಯಗಳೇ. ಮನೆಮಾತು ಕನ್ನಡವಾದರೂ ಆಫೀಸಿನ ವ್ಯವಹಾರವನ್ನೆಲ್ಲ ಇಂಗ್ಲಿಷಿನಲ್ಲೇ ನಡೆಸಿದವರಿಗೆ ಅಭ್ಯಾಸವಿಲ್ಲದೆ ಇದು ಸುಲಭವಲ್ಲ. ಇದೇ ದೇಶ 1901ರ ಕಾಯಿದೆಯ ಪ್ರಕಾರ, ಬೇಡವಾದವರನ್ನು ಹೊರಗಿಡಲು ಯಾವುದಾದರೂ ಯುರೋಪಿಯನ್ ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಬರೆಸುತ್ತಿತ್ತು. ಆ ಪರೀಕ್ಷೆ ರದ್ದಾದದ್ದು 1958ರಲ್ಲಿ, ಬಿಳಿಯರಿಗಷ್ಟೇ ಎಂಬ ನೀತಿಯ ಉಳಿಕೆಗಳು ಕೊನೆಗೊಂಡದ್ದು 1973ರಲ್ಲಿ.

ಮೇಲಿನ ಎಂಜಿನಿಯರಿಗೆ ಕನ್ನಡದ ಅಂಕವೂ ಸೇರಿ ಒಟ್ಟು 90. ರಾಜ್ಯವೊಂದು ನಾಮಿನೇಟ್ ಮಾಡಿದರೆ 190ಕ್ಕೆ ಇನ್ನೂ 5, 491ಕ್ಕಾದರೆ 15. 190 ಮೊದಲ ದಿನದಿಂದಲೇ ಪಿಆರ್. ಎರಡು ವರ್ಷ ಆ ರಾಜ್ಯದಲ್ಲೇ ಇರುತ್ತೇವೆಂದು ಕೊಡುವುದು ಮಾತಿನ ಕಟ್ಟು, ವೀಸಾದ ಶರತ್ತಲ್ಲ. 491 ಹಾಗಲ್ಲ, ಅದು ಐದು ವರ್ಷದ ತಾತ್ಕಾಲಿಕ ವೀಸಾ. ಕನಿಷ್ಠ ಮೂರು ವರ್ಷ ಗೊತ್ತುಮಾಡಿದ ಪ್ರದೇಶದಲ್ಲಿದ್ದು, ಮೂರು ವರ್ಷದ ತೆರಿಗೆ ದಾಖಲೆ ತೋರಿಸಿದ ಮೇಲೆ 191 ಎಂಬ ಕಾಯಂ ವೀಸಾಕ್ಕೆ ಅರ್ಜಿ. ಪ್ರದೇಶ ಎಂದರೆ ಕುರಿ ಮೇಯುವ ಬಯಲೇ ಆಗಬೇಕಿಲ್ಲ. 2019ರ ನವೆಂಬರಿನಿಂದ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಉಳಿದದ್ದೆಲ್ಲ ಪ್ರದೇಶವೇ; ಪರ್ತ್, ಅಡಿಲೇಡ್, ಕ್ಯಾನ್‌ಬೆರಾ ಕೂಡ. ಇದನ್ನರಿಯದೆ 491 ಅನ್ನು ಕೀಳಾಗಿ ಕಾಣುವವರಿದ್ದಾರೆ. ಸರ್ಕಾರಿ ಆರೋಗ್ಯ ಸೌಲಭ್ಯವಾದ ಮೆಡಿಕೇರ್ ಕೂಡ 491 ಪಡೆದವರಿಗೆ ಸಿಗುತ್ತದೆ.

482ರಲ್ಲಿ ಪಾಯಿಂಟ್ಸ್ ಇಲ್ಲ, ಕಾಯುವಿಕೆ ಕಡಿಮೆ. ಬದಲಿಗೆ ಸ್ಪಾನ್ಸರ್ ಮಾಡಿದ ಕಂಪನಿಯ ಮೇಲೆ ಎಲ್ಲವೂ ನಿಂತಿದೆ. 2024ರ ಡಿಸೆಂಬರಿನಲ್ಲಿ ಇದರ ಹೆಸರು ಸ್ಕಿಲ್ಸ್ ಇನ್ ಡಿಮ್ಯಾಂಡ್ ಎಂದಾಯಿತು. ಭಾರತೀಯರಿಗೆ ಇದರಲ್ಲಿ ಮೆಡಿಕೇರ್ ಇಲ್ಲ, ಖಾಸಗಿ ವಿಮೆ ಮಾಡಿಸಬೇಕು. ಕೆಲಸ ಹೋದರೆ ಹೊಸ ಸ್ಪಾನ್ಸರ್ ಹುಡುಕಲು ಮೊದಲು 60 ದಿನವಿತ್ತು, 2024ರ ಜುಲೈಯಿಂದ 180. ಎರಡು ವರ್ಷ ದುಡಿದ ಮೇಲೆ ಕಂಪನಿ ನಾಮಿನೇಟ್ ಮಾಡಿದರೆ 186 ಎಂಬ ಕಾಯಂ ವೀಸಾದ ಮೂಲಕ ಪಿಆರ್. ಈಗ ಆ ಎರಡು ವರ್ಷ ಬೇರೆ ಬೇರೆ ಸ್ಪಾನ್ಸರ್‌ಗಳ ಬಳಿಯಾದರೂ ನಡೆಯುತ್ತದೆ. ಆದರೆ ಕೊನೆಯ ಸಹಿ ಕಂಪನಿಯದೇ. ಅಮೆರಿಕದ ಎಚ್‌-1ಬಿಯ ಜೊತೆ ಹೋಲಿಸಿದರೆ ಇದೂ ಹಗುರವೆನ್ನಬೇಕು: ಅಲ್ಲಿ ಉದ್ಯೋಗಾಧಾರಿತ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶಕ್ಕೆ ಶೇ. 7ರ ಮಿತಿಯಿರುವುದರಿಂದ ಭಾರತೀಯರ ಸರದಿ ದಶಕಗಳಷ್ಟು ಉದ್ದವಾಗಿದೆ. ಆಸ್ಟ್ರೇಲಿಯಾದ ಕೌಶಲ ವೀಸಾಗಳಲ್ಲಿ ದೇಶವಾರು ಮಿತಿಯಿಲ್ಲ.

ಪಿಆರ್ ಸಿಕ್ಕ ಮೇಲೂ ಒಂದು ಆಯ್ಕೆ ಉಳಿದಿರುತ್ತದೆ. ಕಾನೂನುಬದ್ಧವಾಗಿ ನಾಲ್ಕು ವರ್ಷ ವಾಸವಿದ್ದು, ಅದರಲ್ಲಿ ಕೊನೆಯ ಒಂದು ವರ್ಷ ಪಿಆರ್ ಆಗಿದ್ದವರು ಪೌರತ್ವ ಕೇಳಬಹುದು. 482, 491ರಲ್ಲಿ ಕಳೆದ ಕಾಲವೂ ಆ ನಾಲ್ಕರಲ್ಲಿ ಸೇರುತ್ತದೆ. ಮತದಾನ, ಮಕ್ಕಳ ಕಾಲೇಜಿಗೆ ಸರ್ಕಾರದ ಸಾಲ ಪೌರರಿಗೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲವಾದ್ದರಿಂದ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು; ಬದಲಿಗೆ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಪಡೆಯಬಹುದು. ಒಸಿಐ ಹೊಂದಿದವರು ಪಿತ್ರಾರ್ಜಿತವಾಗಿ ಬಂದ ಜಮೀನನ್ನು ಇಟ್ಟುಕೊಳ್ಳಬಹುದು, ಹೊಸದಾಗಿ ಕೃಷಿಭೂಮಿಯನ್ನಾಗಲಿ ತೋಟವನ್ನಾಗಲಿ ಕೊಳ್ಳುವಂತಿಲ್ಲ. ಮುಂದೆ ಊರಿಗೆ ಮರಳಿ ತೋಟ ಮಾಡುವ ಆಸೆಯಿರುವವರು ಪಿಆರ್‌ನಲ್ಲೇ ನಿಲ್ಲುವುದುಂಟು. ಆದರೆ ಪಿಆರ್‌ನ ಪ್ರಯಾಣ ಪರವಾನಗಿ ಐದು ವರ್ಷಕ್ಕೆ ಮುಗಿಯುತ್ತದೆ. ಮತ್ತೆ ಐದು ವರ್ಷಕ್ಕೆ ಬೇಕೆಂದರೆ, ಕಳೆದ ಐದರಲ್ಲಿ ಎರಡು ವರ್ಷವಾದರೂ ಆಸ್ಟ್ರೇಲಿಯಾದಲ್ಲಿ ಇದ್ದಿರಬೇಕು.