ಊರ ಹಿತವನ್ನು ನಿಶ್ಚಯಿಸತಕ್ಕವರು ಯಾರು?



ಊರಿಗೆ ಒಳ್ಳೇದಾಗಲಿ ಎಂದು ಹೇಳದವರು ಯಾರೂ ಇಲ್ಲ. ಅರಳೀಕಟ್ಟೆಯ ಮೇಲೆ ಕೂತವರೂ, ಓಟು ಕೇಳುವದಕ್ಕೆ ಬರುವವರೂ, ದೇವಾಲಯದಲ್ಲಿ ಮೊಣಕಾಲೂರಿದ ನಾವೂ ಇದೇ ಮಾತನ್ನು ಆಡುತ್ತೇವೆ. ಆದರೆ ಆ ಒಳ್ಳೇದು ಯಾವದು ಎಂದು ಕೇಳಿದರೆ ಒಬ್ಬೊಬ್ಬನು ತನ್ನ ಹೊಲದ ಕಡೆಗೇ ಕೈದೋರಿಸುವನು. ಆದಕಾರಣ ಸಮಸ್ತರ ಹಿತವೆಂಬದು ಏನು, ಅದನ್ನು ನಿಶ್ಚಯಿಸತಕ್ಕವರು ಯಾರು, ಅದರಲ್ಲಿ ಕ್ರಿಸ್ತನ ಶಿಷ್ಯರಾದ ನಮಗೆ ಇರುವ ಪಾಲು ಏನು ಎಂಬದನ್ನು ಈ ತಿಂಗಳು ವಿಚಾರಿಸೋಣ.

ಗೊರವನಹಳ್ಳಿಯ ಸೀಮೆಯಲ್ಲಿರುವ ನಾವು ಇದಕ್ಕಾಗಿ ದೂರ ಹೋಗಬೇಕಾದದ್ದಿಲ್ಲ. ಊರಿನ ಸಮೀಪದಲ್ಲೇ ತೀತಾ ಜಲಾಶಯವಿದೆ. ತಾಲ್ಲೂಕಿನ ಕಸಬೆಯಾದ ಕೊರಟಗೆರೆಯ ಹೆಸರಿನಲ್ಲಿಯೇ ಕೆರೆಯ ಶಬ್ದವು ಕೇಳಿಸುತ್ತದೆ. ಮಧುಗಿರಿ, ಶಿರಾ, ಪಾವಗಡಗಳೂ ಮಳೆ ಕಡಮೆಯಾದ ಸೀಮೆಗಳೇ. ವರುಷವೆಲ್ಲಾ ಹರಿಯುವ ಹೊಳೆ ಇಲ್ಲದ ಈ ನಾಡಿನಲ್ಲಿ ಹಿರಿಯರು ಹಳ್ಳಕ್ಕೆ ಅಡ್ಡಲಾಗಿ ಏರಿಯನ್ನು ಹಾಕಿ, ತೂಬನ್ನಿಟ್ಟು, ಹೆಚ್ಚಾದ ನೀರು ಹೋಗುವದಕ್ಕೆ ಕೋಡಿಯನ್ನು ಕಟ್ಟಿ, ಒಂದು ಕೆರೆ ತುಂಬಿದ ಮೇಲೆ ನೀರು ಮುಂದಿನ ಕೆರೆಗೆ ಇಳಿಯುವಂತೆ ಮಾಡಿದರು. ಕೆರೆಯನ್ನು ಕಟ್ಟಿಸುವದು ಒಬ್ಬ ಧನಿಕನಿಂದ ಆದೀತು. ಹೂಳೆತ್ತಿ, ಏರಿಯನ್ನು ಕಾದು, ನೀರನ್ನು ಹಂಚುವದು ಒಬ್ಬನಿಂದ ಆಗತಕ್ಕದ್ದಲ್ಲ.

ಆದರೆ ಒಂದೇ ಕೆರೆಯನ್ನು ಜನರು ಎಷ್ಟು ವಿಧವಾಗಿ ನೋಡುತ್ತಾರೆ! ಅಚ್ಚುಕಟ್ಟಿನಲ್ಲಿ ಗದ್ದೆಯುಳ್ಳವನು ನೀರೆಲ್ಲಾ ಭತ್ತಕ್ಕೆ ಹರಿಯಲಿ ಅನ್ನುವನು. ಕುರಿ ಕಾಯುವವನು ಬೇಸಿಗೆಯ ವರೆಗೂ ನೀರು ನಿಲ್ಲಲಿ ಅನ್ನುವನು; ಮೀನು ಹಿಡಿಯುವವನಿಗೂ ಅದೇ ಬೇಕು. ಕುಂಬಾರನಿಗೆ ಕೆರೆಯ ಮಣ್ಣು ಬೇಕು. ನೀರು ಸೇದುವ ಹೆಂಗಸು ಕೆರೆ ತುಂಬಿದರೆ ಬಾವಿಯ ಸೆಲೆ ಏರುವದೆಂದು ಬಲ್ಲಳು. ಕೋಡಿಯನ್ನು ಒಂದು ಮೊಳ ಎತ್ತರಿಸಿದರೆ ಕೆಳಗಿನ ಗದ್ದೆಗಳಿಗೆ ಲಾಭ. ಕೆರೆಯ ಹಿಂಗಡೆಯ ಹೊಲಗಳು ಮುಳುಗುವವು. ಇವರಲ್ಲಿ ಯಾರೂ ದುಷ್ಟರಲ್ಲ. ಎಲ್ಲರೂ ನ್ಯಾಯವಾದದ್ದನ್ನೇ ಕೇಳುತ್ತಾರೆ. ಹೀಗಿರಲಾಗಿ ಸಮಸ್ತರ ಹಿತವು ದಾರಿಯಲ್ಲಿ ಬಿದ್ದ ಕಾಸಿನಂತೆ ಒಬ್ಬನು ಬಗ್ಗಿ ಎತ್ತಿಕೊಳ್ಳತಕ್ಕದ್ದಲ್ಲ. ಕೂಡಿ ಕೂತು, ಒಬ್ಬರ ಕಷ್ಟವನ್ನು ಒಬ್ಬರು ಕೇಳಿ, ತೂಗಿ ನೋಡಿ ನಿಶ್ಚಯಿಸತಕ್ಕದ್ದು.

ಹಿಂದಣ ಕಾಲದಲ್ಲಿ ನೀರುಗಂಟಿ ಎಂಬವನು ತೂಬಿನ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದನು. ಸುಗ್ಗಿಯಲ್ಲಿ ಅವನಿಗೆ ಧಾನ್ಯವನ್ನು ಅಳೆದು ಕೊಡುತ್ತಿದ್ದರು. ಮೈಸೂರು ಸಂಸ್ಥಾನದ ಸರಕಾರವು 1911ರಲ್ಲಿ ಕೆರೆ ಪಂಚಾಯಿತಿಗಳ ವಿಷಯವಾಗಿ ಒಂದು ಕಾಯಿದೆಯನ್ನೇ ಮಾಡಿತು. ಇದೆಲ್ಲಾ ಹೊಗಳತಕ್ಕದ್ದೇ. ಆದರೂ ಸತ್ಯವನ್ನು ಮರೆಮಾಡಬಾರದು. ಬಹಳ ಊರುಗಳಲ್ಲಿ ನೀರುಗಂಟಿಯ ಕೆಲಸವನ್ನು ಮಾಡಿದವರೂ ಏರಿಗೆ ಮಣ್ಣು ಹೊತ್ತವರೂ ಊರ ಹೊರಗಿನ ಕೇರಿಯವರು. ಗದ್ದೆಗೆಲ್ಲಾ ನೀರು ಹಂಚಿದ ಆ ಕೈಗಳಿಗೆ ಎಷ್ಟೋ ಕಡೆ ಊರ ಬಾವಿಯನ್ನು ಮುಟ್ಟುವ ಅಪ್ಪಣೆ ಇರಲಿಲ್ಲ. ನಮ್ಮ ಸಭೆಗಳಲ್ಲಿ ಅನೇಕರ ಅಜ್ಜ ಮುತ್ತಜ್ಜಂದಿರು ಅಂಥ ಕೇರಿಗಳವರೇ. ಕೆಲಸದಲ್ಲಿ ಅವರನ್ನು ಕೂಡಿಸಿಕೊಂಡರು, ಆಲೋಚನೆಯಲ್ಲಿ ಕೂಡಿಸಿಕೊಳ್ಳಲಿಲ್ಲ. ಆದದರಿಂದ ಒಂದಾಗಿ ದುಡಿದದ್ದೆಲ್ಲಾ ಸಮಸ್ತರ ಹಿತಕ್ಕಾಗಿ ದುಡಿದದ್ದು ಎಂದು ಎಣಿಸಬಾರದು. ಬಿಟ್ಟಿಯ ಕೆಲಸವೂ ಒಂದಾಗಿ ದುಡಿಯುವದೇ ಆಗಿತ್ತು.

ಈಗ ಬೇರೊಂದು ಕೇಡು ಬಂದಿದೆ. ಕೆರೆಯನ್ನು ಮರೆತು ಒಬ್ಬೊಬ್ಬನು ತನ್ನ ಹೊಲದಲ್ಲಿ ಕೊಳವೆ ಬಾವಿಯನ್ನು ಕೊರಸುತ್ತಾನೆ. ಇವನದು ಆಳವಾದರೆ ನೆರೆಯವನದು ಬತ್ತುವದು. ಅವನು ಸಾಲಮಾಡಿ ಇನ್ನೂ ಆಳಕ್ಕೆ ಕೊರಸುವನು. ಪಾವಗಡದ ಸೀಮೆಯಲ್ಲಿ ನೆಲದಡಿಯ ನೀರಿನ ಫ್ಲೋರೈಡು ಎಷ್ಟೋ ಜನರ ಹಲ್ಲುಗಳನ್ನೂ ಎಲುಬುಗಳನ್ನೂ ಕೆಡಿಸಿರುವದನ್ನು ನಾವು ಬಲ್ಲೆವು. ಒಬ್ಬೊಬ್ಬನು ತನ್ನ ಮನೆಗೆ ಒಳ್ಳೇದನ್ನೇ ಬಯಸಿದನು. ಎಲ್ಲರೂ ಸೇರಿ ಊರಿಗೆ ಕೇಡನ್ನು ತಂದರು. ಮನೆಮನೆಯ ಲಾಭವನ್ನು ಕೂಡಿಸಿದರೆ ಊರ ಲಾಭವಾಗುವದೆಂಬ ಲೆಕ್ಕವು ಇಲ್ಲಿ ತಪ್ಪಿಹೋಗುತ್ತದೆ.

ಅದೇ ಪಾವಗಡ ತಾಲ್ಲೂಕಿನಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯಲ್ಲಿ ಬಿಸಿಲಿನಿಂದ ವಿದ್ಯುತ್ತನ್ನು ಉಂಟುಮಾಡುವ ದೊಡ್ಡ ಸ್ಥಾವರವಿದೆ. 2018ರಲ್ಲಿ ಅದು ಆರಂಭವಾಯಿತು. ಅದರ ಶಕ್ತಿ 2,050 ಮೆಗಾವಾಟು. ರೈತರಿಂದ ಭೂಮಿಯನ್ನು ಕಸುಕೊಳ್ಳದೆ ಗುತ್ತಿಗೆಗೆ ತಕ್ಕೊಂಡು, ಎಕರೆಗೆ ವರುಷಕ್ಕೆ 21,000 ರೂಪಾಯಿಯಂತೆ ಕೊಡಲು ನಿಶ್ಚಯಿಸಿದರು. ಮಳೆಯಿಲ್ಲದೆ ಬೀಳುಬಿದ್ದ ಹೊಲದವರಿಗೆ ಇದು ದೊಡ್ಡ ಆಧಾರವೇ ಸರಿ. ಆದರೆ ಆ ಹೊಲಗಳಲ್ಲಿ ಕಳೆ ಕಿತ್ತು, ಕೊಯ್ದು, ಕೂಲಿಯಿಂದ ಜೀವಿಸಿದವರಿಗೂ, ಅಲ್ಲಿ ಕುರಿ ಮೇಯಿಸಿದವರಿಗೂ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ. ಪತ್ರದಲ್ಲಿ ಹೆಸರಿರುವವನಿಗೆ ಹಣ ಬಂತು. ಬೆವರನ್ನು ಸುರಿಸಿದವನಿಗೆ ಕೆಲಸ ಹೋಯಿತು. ನಾಡಿಗೆ ಬೆಳಕು ಬೇಡವೆಂದು ನಾವು ಹೇಳುವದಿಲ್ಲ. ಆದರೆ ಭೂಮಿಯಿಲ್ಲದವನು ಊರಿನವನೋ ಅಲ್ಲವೋ ಎಂಬ ಪ್ರಶ್ನೆಯನ್ನು ಬಿಟ್ಟು ಊರಿನ ಹಿತದ ಮಾತಾಡಲಾಗದು.

ಈ ವಿಷಯದಲ್ಲಿ ನೆಹೆಮೀಯನ ಪುಸ್ತಕವು ನಮಗೆ ಒಳ್ಳೇ ಪಾಠವನ್ನು ಕಲಿಸುತ್ತದೆ. ಯೆರೂಸಲೇಮಿನ ಪೌಳಿಗೋಡೆಯನ್ನು ಕಟ್ಟಿದವರ ಪಟ್ಟಿ ಅದರ ಮೂರನೆಯ ಅಧ್ಯಾಯದಲ್ಲಿದೆ. ಯಾಜಕರು, ಅಕ್ಕಸಾಲಿಗರು, ವರ್ತಕರು, ಒಬ್ಬ ಅಧಿಕಾರಿಯ ಹೆಣ್ಣುಮಕ್ಕಳು, ಹೀಗೆ ಎಲ್ಲರೂ ಕೈಹಾಕಿದರು. ಅನೇಕರು ತಮ್ಮ ತಮ್ಮ ಮನೆಯ ಎದುರಿಗಿರುವ ಭಾಗವನ್ನೇ ಕಟ್ಟಿದರು. ತೆಕೋವದ ಶ್ರೀಮಂತರು ಮಾತ್ರ ಹೆಗಲು ಕೊಡಲಿಲ್ಲ. ಐವತ್ತೆರಡು ದಿನಗಳಲ್ಲಿ ಗೋಡೆ ಮುಗಿಯಿತು. ಈ ಭಾಗವನ್ನು ನಾವು ಅನೇಕಾವರ್ತಿ ಬೋಧಿಸಿದ್ದೇವೆ. ಐದನೆಯ ಅಧ್ಯಾಯವನ್ನು ಅಷ್ಟಾಗಿ ಓದುವದಿಲ್ಲ. ಗೋಡೆ ಏಳುತ್ತಿರುವಾಗಲೇ ಬಡವರು ಗೋಳಾಡಿದರು. ಯಾಕಂದರೆ ಹೊಲವನ್ನೂ ದ್ರಾಕ್ಷೇತೋಟವನ್ನೂ ಅಡವಿಟ್ಟು, ಮಕ್ಕಳನ್ನು ದಾಸತ್ವಕ್ಕೆ ಒಪ್ಪಿಸಬೇಕಾದ ಸ್ಥಿತಿ ಅವರಿಗೆ ಬಂದಿತ್ತು. ಸಾಲ ಕೊಟ್ಟವರು ಅದೇ ಗೋಡೆಯೊಳಗಿನ ಸಹೋದರರು. ಗೋಡೆ ಮುಗಿಯಲಿ, ಆಮೇಲೆ ನೋಡೋಣ ಎಂದು ನೆಹೆಮೀಯನು ಹೇಳಲಿಲ್ಲ. ದೊಡ್ಡ ಸಭೆಯನ್ನು ಕೂಡಿಸಿ, ತಾನೂ ತನ್ನವರೂ ಸಾಲ ಕೊಟ್ಟದ್ದನ್ನು ಮರೆಮಾಡದೆ, ಅಡವಿನ ಹೊಲಗಳನ್ನು ತಿರಿಗಿ ಕೊಡಿಸಿದನು. ಬಡವನ ಮಕ್ಕಳು ದಾಸರಾಗುವದಾದರೆ ಎತ್ತರವಾದ ಗೋಡೆಯು ಯಾರನ್ನು ಕಾಯುವದು?

ಇಲ್ಲಿ ನಮ್ಮವರು ಎರಡು ಆಕ್ಷೇಪಗಳನ್ನು ತರುವದುಂಟು. ಮೊದಲನೆಯದು: ನಾವು ಕ್ರೈಸ್ತರು, ಬೇರೆ ದೇವರನ್ನು ಪೂಜಿಸುವವರ ಸಂಗಡ ಊರ ಕೆಲಸಕ್ಕೆ ಯಾಕೆ ಕೂಡಬೇಕು? ಗೊರವನಹಳ್ಳಿಗೆ ಮಹಾಲಕ್ಷ್ಮಿಯ ದರ್ಶನಕ್ಕಾಗಿ ದೂರದೂರದಿಂದ ಜನರು ಬರುತ್ತಾರೆ. ಆ ಪೂಜೆಯಲ್ಲಿ ನಮಗೆ ಪಾಲಿಲ್ಲ. ಆದರೆ ಅದನ್ನು ಹೀನೈಸುವ ಮಾತೂ ನಮ್ಮ ಬಾಯಿಂದ ಬರಕೂಡದು. ನೆಲದಡಿಯ ನೀರು ಅವರದು ಇವರದು ಎಂದು ಬೇರೆಯಾಗಿ ಹರಿಯುವದಿಲ್ಲ. ಪ್ರವಾದಿಯಾದ ಯೆರೆಮೀಯನು ಬಾಬೆಲಿನಲ್ಲಿ ಸೆರೆಯಲ್ಲಿದ್ದವರಿಗೆ ಬರೆದ ಪತ್ರಿಕೆಯಲ್ಲಿ, ಆ ಅನ್ಯ ಪಟ್ಟಣದ ಕ್ಷೇಮವನ್ನೇ ಹುಡುಕಬೇಕೆಂದೂ ಅದಕ್ಕೋಸ್ಕರ ಪ್ರಾರ್ಥಿಸಬೇಕೆಂದೂ ತಿಳಿಸಿದನು. ಸೆರೆಯವರಿಗೇ ಆ ಕರ್ತವ್ಯವಿದ್ದ ಮೇಲೆ ಹುಟ್ಟಿದೂರಿನಲ್ಲಿ ಬದುಕುವ ನಮಗೆ ಇಲ್ಲವೋ?

ಎರಡನೆಯದು: ನಾವು ಕೆಲವರು, ಬಡವರು, ದೊಡ್ಡವರು ಮೊದಲೇ ನಿಶ್ಚಯಿಸಿ ಬರುತ್ತಾರೆ, ನಾವು ಹೋಗಿ ಏನು ಪ್ರಯೋಜನ? ಈ ಮಾತಿನಲ್ಲಿ ನಿಜವುಂಟು. ಆದರೂ 1993ರ ಪಂಚಾಯತ್ ರಾಜ್ ಕಾಯಿದೆಯ ಮೇರೆಗೆ ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಪ್ರತಿಯೊಬ್ಬರೂ ಗ್ರಾಮಸಭೆಗೆ ಸೇರಿದವರೇ; ಜಮೀನುಳ್ಳವರು, ಇಲ್ಲದವರು ಎಂಬ ಭೇದವು ಅಲ್ಲಿಲ್ಲ. ನಮ್ಮ ಮುತ್ತಜ್ಜಂದಿರು ದೂರದಲ್ಲಿ ನಿಂತು ಅಪ್ಪಣೆಯನ್ನು ಕೇಳಿದ ಸ್ಥಳದಲ್ಲಿ ಕೂತು ಮಾತಾಡುವ ಹಕ್ಕನ್ನು ನಾವು ಹೊಂದಿರುವಾಗ, ಆ ದಿನ ಮನೆಯಲ್ಲಿ ಉಳಿಯುವದು ವಿನಯವಲ್ಲ. ಒಬ್ಬನೇ ಹೋದರೆ ಅಂಜಿಕೆಯಾಗುವದು. ನಾಲ್ಕು ಮನೆಯವರು ಮುಂಚೆ ಕೂಡಿ, ಕೇಳತಕ್ಕ ಒಂದೇ ಮಾತನ್ನು ಗೊತ್ತುಮಾಡಿಕೊಂಡು, ಹೆಂಗಸರನ್ನೂ ಕರಕೊಂಡು ಹೋಗಿ, ಆ ಮಾತನ್ನು ನಡವಳಿಯ ಪುಸ್ತಕದಲ್ಲಿ ಬರಸಬೇಕು. ನಮ್ಮ ಕೇರಿಯ ಮಾತನ್ನು ಮಾತ್ರವಲ್ಲ, ಬಾಯಿಲ್ಲದ ನೆರೆಯವನ ಮಾತನ್ನೂ ಆಡಬೇಕು; ಇಲ್ಲವಾದರೆ ನಾವೂ ನಮ್ಮ ಹೊಲದ ಕಡೆಗೇ ಕೈದೋರಿಸಿದವರಾಗುವೆವು.

ಬಹುಮತವಾದದ್ದೆಲ್ಲಾ ಸಮಸ್ತರ ಹಿತವೋ? ಅಲ್ಲ. ನೂರು ಕೈಗಳು ಎದ್ದರೂ ಒಬ್ಬ ವಿಧವೆಯ ಹೊಲ ಮುಳುಗುವದಾದರೆ, ಆ ನಿರ್ಣಯವು ಇನ್ನೂ ಪೂರ್ತಿಯಾಗಲಿಲ್ಲ. ಒಂದು ವೇಳೆ ಕೋಡಿಯನ್ನು ಎತ್ತರಿಸಲೇಬೇಕಾದೀತು; ನಷ್ಟವಿಲ್ಲದೆ ಯಾವ ಊರ ಕೆಲಸವೂ ನಡೆಯದು. ಆದರೆ ನಷ್ಟಪಡತಕ್ಕವಳನ್ನು ಮೊದಲೇ ಕರೆದು, ಅವಳ ಮಾತನ್ನು ಕೇಳಿ, ಲಾಭ ಹೊಂದತಕ್ಕವರು ಅವಳ ನಷ್ಟವನ್ನು ತುಂಬಿಕೊಟ್ಟ ಮೇಲೆಯೇ ಅದನ್ನು ಊರ ಹಿತವೆಂದು ಕರೆಯಬಹುದು. ಹಾಗೆಯೇ ನಷ್ಟವು ನಮ್ಮ ಪಾಲಿಗೆ ಬಂದು, ನ್ಯಾಯವಾಗಿ ವಿಚಾರಿಸಿದ್ದಾದರೆ, ಗೊಣಗದೆ ಹೊರುವದೂ ನಮ್ಮ ಧರ್ಮವೇ.

ಈ ನ್ಯಾಯವನ್ನು ಊರಿನವರಿಗೆ ಹೇಳುವದಕ್ಕೆ ಮುಂಚೆ ನಮ್ಮ ಸಭೆಯಲ್ಲಿ ನಡಿಸೋಣ. ಹಿಡಿ ಅಕ್ಕಿಯನ್ನು ಎಲ್ಲರ ಮನೆಯಿಂದಲೂ ಕೂಡಿಸುತ್ತೇವೆ. ಆ ಹಣವನ್ನು ಯಾವದಕ್ಕೆ ವೆಚ್ಚಮಾಡಬೇಕೆಂದು ನಿಶ್ಚಯಿಸುವಾಗ ಅಕ್ಕಿಯನ್ನು ತೆಗೆದಿಟ್ಟ ತಾಯಂದಿರನ್ನು ಕೇಳುತ್ತೇವೋ? ಕೊಟ್ಟ ಕೈಗೆ ಮಾತೂ ಇರಲಿ. ಮುಂದಿನ ಸಭಾಕೂಟದಲ್ಲಿ ಕಡೆಯ ಚಾಪೆಯ ಮೇಲೆ ಕೂತವರನ್ನು ಮೊದಲು ಮಾತಾಡಿಸಿರಿ. ಒಳ್ಳೆಯವರ ಮೇಲೆಯೂ ಕೆಟ್ಟವರ ಮೇಲೆಯೂ ಮಳೆಯನ್ನು ಸುರಿಸುವ ತಂದೆಯು, ಆ ಮಳೆಯನ್ನು ನ್ಯಾಯವಾಗಿ ಹಂಚಿಕೊಳ್ಳುವ ಬುದ್ಧಿಯನ್ನು ನಮಗೂ ನಮ್ಮ ಊರಿನವರೆಲ್ಲರಿಗೂ ದಯಪಾಲಿಸಲಿ. ಆಮೆನ್.